ಕಾರಿನ ಕಪ್ಪು ಗಾಜು: ಒಂದು ಲೆಕ್ಕ, ಒಂದು ಕಾನೂನು



ಮುಂಬಯಿಯಂತಹ ಮಹಾನಗರದಲ್ಲಿ ರಸ್ತೆ ದಾಟುವುದೂ ಒಂದು ವಿದ್ಯೆಯೇ ಸರಿ. ಊರಿನಿಂದ ಹೊಸದಾಗಿ ಬಂದ ನಮ್ಮ ಬಂಧುಗಳು ಪಾದಚಾರಿ ಪಟ್ಟೆಗಳ ಬಳಿಯಲ್ಲಿಯೂ ಹೆಜ್ಜೆಯಿಡಲಾರದೆ ನಿಂತುಬಿಡುವುದನ್ನು ನೀವೆಲ್ಲ ಕಂಡಿರಬಹುದು. ನೀವಾದರೋ ಶಾಲೆಗೆ ಬರುವಾಗ ಒಮ್ಮೆ, ಮನೆಗೆ ಮರಳುವಾಗ ಒಮ್ಮೆ, ಅಳುಕಿಲ್ಲದೆ ದಾಟುತ್ತೀರಿ. ದಾಟುವ ಮುನ್ನ ಏನನ್ನು ನೋಡುತ್ತೀರಿ ಎಂದು ನಾವು ಕೇಳಿದರೆ, ದೀಪವನ್ನು ನೋಡುತ್ತೇವೆ, ವಾಹನದ ವೇಗವನ್ನು ನೋಡುತ್ತೇವೆ ಎಂದು ಉತ್ತರ ಕೊಡುವಿರಿ. ಅದು ನಿಜವೇ. ಆದರೆ ನಿಮಗರಿವಿಲ್ಲದೆಯೇ ಇನ್ನೊಂದನ್ನೂ ನೋಡುತ್ತೀರಿ. ಅದು ಚಾಲಕನ ಮುಖ. ಅವನು ನಮ್ಮನ್ನು ಕಂಡನೆ, ಇಲ್ಲವೆ ಎಂಬುದನ್ನು ಅವನ ಕಣ್ಣಿನಿಂದ ತಿಳಿದುಕೊಂಡು ನಾವು ಹೆಜ್ಜೆ ಮುಂದಿಡುತ್ತೇವೆ. ಮಾತಿಲ್ಲದೆ, ಕ್ಷಣಾರ್ಧದಲ್ಲಿ ನಡೆದುಹೋಗುವ ಈ ಸಂಭಾಷಣೆಗೆ ಗಾಜು ಪಾರದರ್ಶಕವಾಗಿರಬೇಕು. ಗಾಜು ಕಪ್ಪಾಗಿದ್ದರೆ ಕಾರು ಕಾಣುತ್ತದೆ. ಕಾರಿನೊಳಗಿನ ಮನುಷ್ಯ ಕಾಣುವುದಿಲ್ಲ.

ಕಾರಿನ ಕಿಟಕಿಯ ಗಾಜು ಎಷ್ಟು ಕಪ್ಪಾಗಿರಬಹುದು ಎಂಬುದಕ್ಕೆ ನಮ್ಮ ದೇಶದಲ್ಲಿ ಕಾನೂನಿನ ಮಿತಿಯಿದೆ. ಆ ಮಿತಿಯನ್ನು ಎರಡೇ ಎರಡು ಅಂಕೆಗಳಲ್ಲಿ ಹೇಳಬಹುದು. ಆದರೆ ಆ ಅಂಕೆಗಳ ಅರ್ಥವನ್ನು ಗ್ರಹಿಸಬೇಕಾದರೆ ಸ್ವಲ್ಪ ಭೌತವಿಜ್ಞಾನವೂ ಸ್ವಲ್ಪ ಗಣಿತವೂ ಬೇಕು. ಅವೆರಡನ್ನೂ ನೀವು ತರಗತಿಯಲ್ಲಿ ಕಲಿತಿದ್ದೀರಿ. ಕಲಿತ ಪಾಠವು ಬೀದಿಯಲ್ಲಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ಈ ಲೇಖನದಲ್ಲಿ ನೋಡೋಣ.

ಗಾಜಿನ ಮೂಲಕ ಬೆಳಕಿನ ಪ್ರಯಾಣ

ಗಾಜು ಪಾರದರ್ಶಕವೆಂದು ನಾವು ಹೇಳುತ್ತೇವೆ. ಆದರೆ ಅತ್ಯಂತ ಶುಭ್ರವಾದ ಗಾಜೂ ಬಂದ ಬೆಳಕನ್ನೆಲ್ಲ ಒಳಗೆ ಬಿಡುವುದಿಲ್ಲ. ಗಾಜಿನ ಹೊರಮೈಯಲ್ಲಿ ಶೇಕಡಾ 4ರಷ್ಟು, ಒಳಮೈಯಲ್ಲಿ ಮತ್ತೆ ಅಷ್ಟೇ ಬೆಳಕು ಪ್ರತಿಫಲಿಸಿ ಹಿಂದಿರುಗುತ್ತದೆ. ಹೀಗೆ 100 ಪಾಲು ಬೆಳಕು ಬಂದರೆ ಸುಮಾರು 92 ಪಾಲು ಮಾತ್ರ ಆಚೆಗೆ ಹೋಗುತ್ತದೆ. ಕಾರಿನ ಗಾಜಿನಲ್ಲಿ ಸಾಮಾನ್ಯವಾಗಿ ತಿಳಿಹಸುರು ಛಾಯೆಯಿರುವುದನ್ನು ಅದರ ಅಂಚಿನಲ್ಲಿ ನೀವು ಗಮನಿಸಬಹುದು. ಗಾಜಿನಲ್ಲಿ ಸೇರಿರುವ ಕಬ್ಬಿಣದ ಅಂಶವೇ ಇದಕ್ಕೆ ಕಾರಣ. ಅದು ಬೆಳಕಿನ ಇನ್ನಷ್ಟು ಭಾಗವನ್ನು ಹೀರಿಕೊಳ್ಳುತ್ತದೆ. ಬಂದ ಬೆಳಕಿನಲ್ಲಿ ಶೇಕಡಾ ಎಷ್ಟು ಭಾಗ ಗಾಜನ್ನು ಹಾಯ್ದು ಹೋಗುತ್ತದೆಯೋ ಅದಕ್ಕೆ ಆ ಗಾಜಿನ ಪಾರಗಮನ ಪ್ರಮಾಣವೆಂದು ಹೆಸರು. ಇಲ್ಲಿ ಲೆಕ್ಕಕ್ಕೆ ಬರುವುದು ಕಣ್ಣಿಗೆ ಕಾಣುವ ಬೆಳಕು ಮಾತ್ರವೆಂಬುದನ್ನು ನೆನಪಿಡಬೇಕು.

ಕಾರಿನ ಗಾಜು ಮನೆಯ ಕಿಟಕಿಯ ಗಾಜಿನಂತಹುದಲ್ಲ. ಫ್ರಾನ್ಸ್ ದೇಶದ ಎದ್ವಾರ್ ಬೆನೆದಿಕ್ತಸ್ ಎಂಬ ರಸಾಯನಜ್ಞನ ಕೈಯಿಂದ ಒಮ್ಮೆ ಗಾಜಿನ ಪಾತ್ರೆಯೊಂದು ಬಿದ್ದಿತಂತೆ. ಅದು ಒಡೆದರೂ ಚೂರುಗಳು ಚದುರಲಿಲ್ಲ. ಒಳಮೈಗೆ ಅಂಟಿಕೊಂಡು ಒಣಗಿದ್ದ ಒಂದು ರಾಸಾಯನಿಕ ಪದರವು ಅವನ್ನು ಹಿಡಿದುಕೊಂಡಿತ್ತು. ಈ ಸೂಚನೆಯಿಂದ ಅವರು ಎರಡು ಗಾಜುಗಳ ನಡುವೆ ಪದರವನ್ನಿರಿಸಿದ ಸುರಕ್ಷಾ ಗಾಜನ್ನು ರೂಪಿಸಿ 1909ರಲ್ಲಿ ಅದಕ್ಕೆ ಪೇಟೆಂಟು ಪಡೆಯಲು ಮುಂದಾದರು. ಇಂದಿಗೂ ಕಾರಿನ ಮುಂದಿನ ಗಾಜು ಈ ಬಗೆಯದು. ಪಕ್ಕದ ಗಾಜುಗಳು ಬಹುಮಟ್ಟಿಗೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿಗೊಳಿಸಿದವು. ಅವು ಒಡೆದಾಗ ಈಟಿಯಂತಹ ಚೂಪು ಚೂರುಗಳಾಗದೆ ಸಣ್ಣ ಹರಳುಗಳಾಗಿ ಉದುರುತ್ತವೆ. ಹೀಗೆ ಗಾಜಿನ ಗಟ್ಟಿತನದ ಬಗೆಗೆ ಕಾನೂನು ಎಷ್ಟು ಎಚ್ಚರ ವಹಿಸಿದೆಯೋ ಅದರ ಪಾರದರ್ಶಕತೆಯ ಬಗೆಗೂ ಅಷ್ಟೇ ಎಚ್ಚರ ವಹಿಸಿದೆ.

ಎರಡು ಅಂಕೆಗಳು

ನಮ್ಮ ದೇಶದಲ್ಲಿ 1988ರ ಮೋಟಾರು ವಾಹನಗಳ ಅಧಿನಿಯಮವೂ ಅದರಡಿಯಲ್ಲಿ ರಚಿತವಾದ 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳೂ ಜಾರಿಯಲ್ಲಿವೆ. ಆ ನಿಯಮಗಳಲ್ಲಿ 100ನೆಯದು ಗಾಜಿಗೆ ಸಂಬಂಧಿಸಿದೆ. ಅದರ ಪ್ರಕಾರ ಮುಂದಿನ ಗಾಜು ಮತ್ತು ಹಿಂದಿನ ಗಾಜುಗಳ ಮೂಲಕ ಶೇಕಡಾ 70ಕ್ಕೆ ಕಡಮೆಯಿಲ್ಲದಂತೆ ಬೆಳಕು ಹಾಯಬೇಕು. ಪಕ್ಕದ ಕಿಟಕಿಗಳ ಮೂಲಕ ಶೇಕಡಾ 50ಕ್ಕೆ ಕಡಮೆಯಿಲ್ಲದಂತೆ ಹಾಯಬೇಕು. ಗಾಜನ್ನು ತಯಾರಿಸುವಾಗ ಹೀಗಿದ್ದರೆ ಸಾಲದು. ಅದನ್ನು ಅದೇ ಸ್ಥಿತಿಯಲ್ಲಿ ಕಾಪಾಡಿಕೊಂಡು ಬರಬೇಕೆಂದೂ ನಿಯಮವು ಹೇಳುತ್ತದೆ. ಮೊದಲ ಹೊಣೆ ತಯಾರಕನದಾದರೆ ಎರಡನೆಯದು ಒಡೆಯನದು.

ಈಗ ಲೆಕ್ಕಕ್ಕೆ ಬರೋಣ. ಒಬ್ಬ ಕಾರಿನ ಒಡೆಯನು ಅಂಗಡಿಗೆ ಹೋಗುತ್ತಾನೆ. ಪಕ್ಕದ ಕಿಟಕಿಗೆ ಶೇಕಡಾ 50 ಎಂಬ ನಿಯಮವಿದೆಯಷ್ಟೆ, ಈ ಕಪ್ಪು ಫಿಲ್ಮು ಶೇಕಡಾ 50ರದೇ, ಇದನ್ನು ಅಂಟಿಸಿದರೆ ದೋಷವಿಲ್ಲ ಎಂದು ಅಂಗಡಿಯವನು ಹೇಳುತ್ತಾನೆ. ಮಾತು ಸರಿಯಾಗಿಯೇ ಕೇಳಿಸುತ್ತದೆ. ಆದರೆ ಇದರಲ್ಲಿ ಒಂದು ತಪ್ಪು ಅಡಗಿದೆ. ಬೆಳಕು ಫಿಲ್ಮನ್ನು ಮಾತ್ರ ಹಾಯುವುದಿಲ್ಲ, ಗಾಜನ್ನೂ ಹಾಯಬೇಕು. ಗಾಜು ಶೇಕಡಾ 70ರಷ್ಟು ಬೆಳಕನ್ನು ಬಿಡುವುದಾದರೆ 100 ಪಾಲಿನಲ್ಲಿ 70 ಪಾಲು ಉಳಿಯಿತು. ಫಿಲ್ಮು ಆ 70ರಲ್ಲಿ ಅರ್ಧವನ್ನು ಬಿಡುತ್ತದೆ. ಉಳಿದದ್ದು 35. ಇಲ್ಲಿ ಪ್ರಮಾಣಗಳನ್ನು ಕೂಡುವುದೂ ಅಲ್ಲ, ಕಳೆಯುವುದೂ ಅಲ್ಲ, ಗುಣಿಸಬೇಕು. 0.70 × 0.50 = 0.35. ನಿಯಮವು ಕೇಳುವುದು 50, ಸಿಕ್ಕಿದ್ದು 35.

ಈ ಗುಣಾಕಾರವನ್ನು ನೀವೇ ಕಣ್ಣಾರೆ ಕಾಣಬಹುದು. ಬಣ್ಣದ ಪಾರದರ್ಶಕ ಹಾಳೆಯೊಂದನ್ನು ಪಠ್ಯಪುಸ್ತಕದ ಅಕ್ಷರಗಳ ಮೇಲೆ, ಸ್ವಲ್ಪ ಎತ್ತರದಲ್ಲಿ ಹಿಡಿದು ನೋಡಿರಿ. ಅಕ್ಷರಗಳು ಕಾಣುತ್ತವೆ. ಹಾಳೆಯನ್ನು ಎರಡು ಮಡಿಕೆ ಮಾಡಿರಿ, ನಾಲ್ಕು ಮಡಿಕೆ ಮಾಡಿರಿ. ಪ್ರತಿಯೊಂದು ಪದರವೂ ಹಿಂದಿನ ಪದರವು ಉಳಿಸಿದ ಬೆಳಕಿನಲ್ಲಿ ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ. ಇದೇ ಪ್ರಯೋಗವನ್ನು ಮಧ್ಯಾಹ್ನ ಅಂಗಳದಲ್ಲಿ ಒಮ್ಮೆ, ಸಂಜೆ ದೀಪ ಹಚ್ಚುವ ಮುನ್ನ ಕೋಣೆಯಲ್ಲಿ ಒಮ್ಮೆ ಮಾಡಿರಿ. ಮಧ್ಯಾಹ್ನ ಎರಡು ಪದರಗಳ ಮೂಲಕ ಸ್ಪಷ್ಟವಾಗಿ ಓದಿದ ಸಾಲನ್ನು ಸಂಜೆ ಓದುವುದು ಕಷ್ಟವಾಗುತ್ತದೆ.

ಕಣ್ಣು ಮಾಡುವ ಮೋಸ

ಹಗಲಿಗೂ ಇರುಳಿಗೂ ಈ ಭೇದವೇಕೆ? ಬೆಳಕಿನ ಪ್ರಮಾಣವನ್ನು ಅಳೆಯುವ ಮಾನಕ್ಕೆ ಲಕ್ಸ್ ಎಂದು ಹೆಸರು. ನಡುಹಗಲಿನ ನೇರ ಬಿಸಿಲಿನಲ್ಲಿ ಸುಮಾರು 1,00,000 ಲಕ್ಸ್ ಬೆಳಕಿರುತ್ತದೆ. ರಾತ್ರಿ ಬೀದಿದೀಪದ ಕೆಳಗೆ ಇರುವುದು ಹತ್ತಿಪ್ಪತ್ತು ಲಕ್ಸ್ ಮಾತ್ರ. ಹಗಲಿನಲ್ಲಿ ಅರ್ಧ ಬೆಳಕನ್ನು ಕಳೆದುಕೊಂಡರೂ 50,000 ಲಕ್ಸ್ ಉಳಿಯುತ್ತದೆ. ಕಣ್ಣಿಗೆ ಅದು ಧಾರಾಳ. ಇದ್ದ ಬೆಳಕು ಅರ್ಧಕ್ಕಿಳಿದಾಗ ಕಣ್ಣಿಗೆ ಅದು ಅರ್ಧವಾಯಿತೆಂದು ತೋರುವುದೂ ಇಲ್ಲ. ತುಸು ಮಂಕಾದಂತೆ ತೋರುತ್ತದೆ ಅಷ್ಟೆ. ಆದುದರಿಂದಲೇ ಅಂಗಡಿಯ ಮುಂದೆ ಹಗಲು ಹೊತ್ತಿನಲ್ಲಿ ಫಿಲ್ಮನ್ನು ಅಂಟಿಸಿಕೊಂಡವನಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ರಾತ್ರಿ 10 ಲಕ್ಸ್ ಇದ್ದುದು 3 ಲಕ್ಸ್‌ಗೆ ಇಳಿದಾಗ ಕಪ್ಪು ಕೊಡೆ ಹಿಡಿದು ಮಳೆಯಲ್ಲಿ ನಡೆಯುವ ಮನುಷ್ಯನು ಹಿನ್ನೆಲೆಯ ಕತ್ತಲೆಯಲ್ಲಿ ಕರಗಿಹೋಗುತ್ತಾನೆ. ಮುಂಬಯಿಯ ಮಳೆಗಾಲದ ಸಂಜೆಗಳನ್ನು ಬಲ್ಲ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವಯಸ್ಸಾದಂತೆ ಕತ್ತಲೆಯಲ್ಲಿ ಕಣ್ಣಿನ ಪಾಪೆ ಅರಳುವ ಶಕ್ತಿಯೂ ಕುಗ್ಗುವುದರಿಂದ ಹಿರಿಯ ಚಾಲಕರಿಗೆ ಈ ತೊಂದರೆ ಇನ್ನೂ ಹೆಚ್ಚು.

ಕಾಣುವುದು ತಡವಾದರೆ ಏನಾಗುತ್ತದೆ? ಗಂಟೆಗೆ 36 ಕಿಲೋಮೀಟರ್ ವೇಗವೆಂದರೆ ನಗರದಲ್ಲಿ ಅತಿವೇಗವೇನೂ ಅಲ್ಲ. ಆ ವೇಗದಲ್ಲಿ ಕಾರು ಸೆಕೆಂಡಿಗೆ 10 ಮೀಟರ್ ಓಡುತ್ತದೆ. ಚಾಲಕನು ಅರ್ಧ ಸೆಕೆಂಡು ತಡವಾಗಿ ಕಂಡನೆಂದರೆ ಬ್ರೇಕಿನ ಮೇಲೆ ಕಾಲಿಡುವ ಮೊದಲೇ ಕಾರು 5 ಮೀಟರ್ ಮುಂದೆ ಬಂದಿರುತ್ತದೆ. ರಸ್ತೆಯಲ್ಲಿರುವ ಪಾದಚಾರಿ ಪಟ್ಟೆಗಳ ಅಗಲವನ್ನು ಹೆಜ್ಜೆಯಿಂದ ಅಳೆದು ನೋಡಿರಿ. 5 ಮೀಟರಿನ ಬೆಲೆ ಏನೆಂಬುದು ಆಗ ತಿಳಿಯುತ್ತದೆ.

ನಿಂತ ಕಾರಿನ ಹಿಂದಿರುವ ಹುಡುಗ

ಇದುವರೆಗೆ ಕಾರಿನೊಳಗೆ ಕುಳಿತವನ ದೃಷ್ಟಿಯನ್ನು ವಿಚಾರಿಸಿದೆವು. ಈಗ ಹೊರಗಿನವರ ದೃಷ್ಟಿಯನ್ನು ವಿಚಾರಿಸೋಣ. ನಮ್ಮ ಬೀದಿಗಳಲ್ಲಿ ಎರಡೂ ಅಂಚುಗಳಲ್ಲಿ ಕಾರುಗಳು ಸಾಲಾಗಿ ನಿಂತಿರುತ್ತವೆ. ಹಾಗೆ ನಿಂತ ಒಂದು ಕಾರಿನ ಮುಂದೆ ಒಬ್ಬ ಹುಡುಗನು ರಸ್ತೆ ದಾಟಲೆಂದು ನಿಂತಿದ್ದಾನೆ. ಹಿಂದಿನಿಂದ ಇನ್ನೊಂದು ಕಾರು ಬರುತ್ತಿದೆ. ಬರುವ ಚಾಲಕನಿಗೆ ಹುಡುಗನ ತಲೆ ಕಾಣಬೇಕಾದರೆ ಬೆಳಕು ನಿಂತ ಕಾರಿನ ಮುಂದಿನ ಗಾಜನ್ನೂ ಹಿಂದಿನ ಗಾಜನ್ನೂ ದಾಟಿ, ಕೊನೆಗೆ ಚಾಲಕನ ಎದುರಿನ ಗಾಜನ್ನೂ ದಾಟಿ ಬರಬೇಕು. ಮೂರು ಗಾಜುಗಳೂ ನಿಯಮದ ಕನಿಷ್ಠ ಮಿತಿಯಲ್ಲಿಯೇ ಇವೆ ಎಂದುಕೊಳ್ಳೋಣ. 0.70 × 0.70 × 0.70 = 0.343. ನೂರರಲ್ಲಿ 34 ಪಾಲು ಬೆಳಕು ತಲಪುತ್ತದೆ. ಮಂಕಾದರೂ ಹುಡುಗನು ಕಾಣುತ್ತಾನೆ.

ನಿಂತ ಕಾರಿನ ಎರಡು ಗಾಜುಗಳಿಗೂ ಕಪ್ಪು ಫಿಲ್ಮು ಅಂಟಿಸಿ ಅವುಗಳ ಪಾರಗಮನ ಶೇಕಡಾ 20ಕ್ಕೆ ಇಳಿದಿದೆಯೆಂದು ಇಟ್ಟುಕೊಳ್ಳಿರಿ. 0.20 × 0.20 × 0.70 = 0.028. ನೂರರಲ್ಲಿ ಮೂರು ಪಾಲೂ ಇಲ್ಲ. ಚಾಲಕನಿಗೆ ಕಾಣುವುದು ಒಂದು ಕಪ್ಪು ಗೋಡೆ. ಆ ಗೋಡೆಯ ಹಿಂದಿನಿಂದ ಹುಡುಗನು ಹೊರಬಂದಾಗಲೇ ಅವನ ಇರವು ತಿಳಿಯುವುದು.

ಈ ಉದಾಹರಣೆಯಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಫಿಲ್ಮು ಅಂಟಿಸಿದವನು ಕಾರನ್ನು ಓಡಿಸುತ್ತಿರಲಿಲ್ಲ. ಕಾರಿನಲ್ಲಿ ಇರಲೂ ಇಲ್ಲ. ಆದರೂ ಅವನ ಗಾಜು ಇಬ್ಬರು ಅಪರಿಚಿತರ ನಡುವಿನ ದೃಷ್ಟಿಯನ್ನು ಅಡ್ಡಗಟ್ಟಿತು. ಕಾರು ನನ್ನದು, ಗಾಜು ನನ್ನದು, ಹೇಗಾದರೂ ಇಟ್ಟುಕೊಳ್ಳುತ್ತೇನೆ ಎಂಬ ವಾದವು ಇಲ್ಲಿ ನಿಲ್ಲುವುದಿಲ್ಲ. ಗಾಜು ಅವನದಿರಬಹುದು, ಅದರ ಮೂಲಕ ಹಾಯುವ ನೋಟದಲ್ಲಿ ದಾರಿಹೋಕರೆಲ್ಲರಿಗೂ ಪಾಲಿದೆ.

ಸರ್ವೋಚ್ಚ ನ್ಯಾಯಾಲಯದ ತೀರ್ಪು

ನಿಯಮವು 1989ರಿಂದ ಇದ್ದರೂ ಬಹುಕಾಲ ಅದರ ಪಾಲನೆ ಸಡಿಲವಾಗಿಯೇ ಇತ್ತು. ಕಪ್ಪು ಗಾಜಿನ ಕಾರುಗಳಲ್ಲಿ ಅಪಹರಣ, ಸ್ತ್ರೀಯರ ಮೇಲೆ ಅತ್ಯಾಚಾರ ಮೊದಲಾದ ಘೋರ ಅಪರಾಧಗಳು ನಡೆಯುತ್ತಿವೆ, ಒಳಗಿನದು ಹೊರಗಿನವರಿಗೆ ಕಾಣದ ಕಾರಣ ಅಪರಾಧಿಗಳು ತಪ್ಪಿಸಿಕೊಳ್ಳುತ್ತಿದ್ದಾರೆ ಎಂದು ಒಬ್ಬ ನಾಗರಿಕರು ಸರ್ವೋಚ್ಚ ನ್ಯಾಯಾಲಯಕ್ಕೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯನ್ನು ಸಲ್ಲಿಸಿದರು. 2012ನೆಯ ಏಪ್ರಿಲ್ 27ರಂದು ನ್ಯಾಯಾಲಯವು ತೀರ್ಪು ನೀಡಿತು. ಅದು ಮೇ 4ರಿಂದ ದೇಶದಾದ್ಯಂತ ಜಾರಿಗೆ ಬಂದಿತು.

ಈ ತೀರ್ಪು ಕಾನೂನಿನ ಪದಗಳನ್ನು ಹೇಗೆ ಓದಬೇಕೆಂಬುದಕ್ಕೂ ಒಳ್ಳೆಯ ಪಾಠವಾಗಿದೆ. ನಿಯಮವು ಹೇಳುವುದು ಗಾಜಿನ ಮಾತನ್ನು. ಗಾಜೇ ಶೇಕಡಾ 70 ಅಥವಾ 50ರಷ್ಟು ಬೆಳಕನ್ನು ಬಿಡುವಂತಿರಬೇಕು. ಕಾರ್ಖಾನೆಯಲ್ಲಿ ಆ ಮಿತಿಯೊಳಗೆ ಛಾಯೆಯ ಗಾಜನ್ನು ತಯಾರಿಸಿ ಜೋಡಿಸಿದರೆ ಅದಕ್ಕೆ ಅಡ್ಡಿಯಿಲ್ಲ. ಆದರೆ ಅನಂತರ ಗಾಜಿನ ಮೇಲೆ ಬೇರೊಂದು ವಸ್ತುವನ್ನು ಅಂಟಿಸಲು ನಿಯಮವು ಎಲ್ಲಿಯೂ ಅನುಮತಿ ಕೊಟ್ಟಿಲ್ಲ. ಆದುದರಿಂದ ಕಪ್ಪು ಫಿಲ್ಮಾಗಲಿ ಬೇರೆ ಯಾವುದೇ ಫಿಲ್ಮಾಗಲಿ, ಅದರ ಪಾರಗಮನ ಪ್ರಮಾಣ ಎಷ್ಟೇ ಇರಲಿ, ಅಂಟಿಸಕೂಡದೆಂದು ನ್ಯಾಯಾಲಯವು ನಿಷೇಧಿಸಿತು. ಪೊಲೀಸರು ದಂಡ ಹಾಕಿ ಸುಮ್ಮನಾಗದೆ ಫಿಲ್ಮನ್ನು ಕೀಳಿಸಬೇಕೆಂದೂ ಆಜ್ಞಾಪಿಸಿತು. ಫಿಲ್ಮಿನ ತಯಾರಕರು ಮತ್ತು ವ್ಯಾಪಾರಿಗಳು ತೀರ್ಪನ್ನು ಮಾರ್ಪಡಿಸಬೇಕೆಂದು ಮಾಡಿದ ಪ್ರಾರ್ಥನೆಯನ್ನು ಅದೇ ವರ್ಷದ ಆಗಸ್ಟ್ 3ರಂದು ತಳ್ಳಿಹಾಕಿತು.

ದೊಡ್ಡವರಿಗೆ ವಿನಾಯಿತಿ ಉಂಟೆ ಎಂದು ನೀವು ಕೇಳಬಹುದು. ಅಧಿಕಾರದಲ್ಲಿರುವವರು ಎಂಬ ಕಾರಣಕ್ಕೆ ವಿನಾಯಿತಿಯಿಲ್ಲ. ಪ್ರಾಣಾಪಾಯದ ಕಾರಣದಿಂದ ಸರ್ಕಾರವು ಜೆಡ್ ಅಥವಾ ಜೆಡ್ ಪ್ಲಸ್ ಎಂಬ ವರ್ಗದ ರಕ್ಷಣೆಯನ್ನು ಒದಗಿಸಿರುವವರ ವಿಷಯವನ್ನು ಮಾತ್ರ ಹಿರಿಯ ಅಧಿಕಾರಿಗಳ ಸಮಿತಿಯೊಂದು ಒಂದೊಂದಾಗಿ ಪರಿಶೀಲಿಸಬಹುದೆಂದು ನ್ಯಾಯಾಲಯವು ಹೇಳಿತು.

ನಿಯಮಭಂಗಕ್ಕೆ ದಂಡವೂ ಇದೆ. ಅಧಿನಿಯಮದ 177ನೆಯ ಕಲಮಿನಂತೆ ಮೊದಲ ತಪ್ಪಿಗೆ 100 ರೂಪಾಯಿಯವರೆಗೆ ಇದ್ದ ದಂಡವು 2019ರ ತಿದ್ದುಪಡಿಯಿಂದ 500 ರೂಪಾಯಿಗೆ ಏರಿತು. ತಪ್ಪು ಮರುಕಳಿಸಿದರೆ 1,500 ರೂಪಾಯಿಯವರೆಗೆ ವಿಧಿಸಬಹುದು.

ಅನಂತರದ ಬದಲಾವಣೆ

ಕಾನೂನು ಕಲ್ಲಿನ ಶಾಸನವಲ್ಲ. ಕಾಲಕ್ಕೆ ತಕ್ಕಂತೆ ತಿದ್ದಲ್ಪಡುತ್ತದೆ. 100ನೆಯ ನಿಯಮದ ತಿದ್ದುಪಡಿಯೊಂದು 2021ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಸುರಕ್ಷಾ ಗಾಜಿನ ಜೊತೆಗೆ, ಒಳಮೈಗೆ ಪ್ಲಾಸ್ಟಿಕ್ ಪದರವನ್ನು ಹೊದಿಸಿದ, ಭಾರತೀಯ ಮಾನಕಕ್ಕೆ ಒಪ್ಪುವ ಗಾಜನ್ನೂ ಅದು ಅಂಗೀಕರಿಸಿತು. ನಿಯಮವೇ ಬದಲಾಗಿರುವಾಗ, 70 ಮತ್ತು 50ರ ಮಿತಿಗೆ ಭಂಗ ಬಾರದಂತೆ ಮಾನಕಕ್ಕೆ ಒಪ್ಪುವ ಪದರವನ್ನು ಬಳಸಿದವರಿಗೆ ದಂಡ ವಿಧಿಸಲಾಗದೆಂದು ಕೇರಳದ ಉಚ್ಚ ನ್ಯಾಯಾಲಯವು 2024ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು. ಇದನ್ನು ಕೇಳಿ, ಕಪ್ಪು ಫಿಲ್ಮಿಗೆ ಮತ್ತೆ ಅನುಮತಿ ಸಿಕ್ಕಿತು ಎಂದು ಹಿಗ್ಗುವವರು ಲೆಕ್ಕವನ್ನು ಮರೆತಿರುತ್ತಾರೆ. ಪದರವಿರಲಿ ಇಲ್ಲದಿರಲಿ, ಎಲ್ಲವೂ ಸೇರಿದ ಮೇಲೆ ಹಾಯುವ ಬೆಳಕು 70ಕ್ಕೂ 50ಕ್ಕೂ ಕಡಮೆಯಾಗಕೂಡದು. ಆ ಎರಡು ಅಂಕೆಗಳು 1989ರಿಂದ ಕದಲಿಲ್ಲ.

ಇತರ ದೇಶಗಳಲ್ಲಿಯೂ ಇಂತಹ ಮಿತಿಗಳುಂಟು. ಬ್ರಿಟನ್ನಿನಲ್ಲಿ 1985ರ ಏಪ್ರಿಲ್ 1ರಿಂದೀಚೆಗೆ ಬಳಕೆಗೆ ಬಂದ ಕಾರುಗಳ ಮುಂದಿನ ಗಾಜಿಗೆ ಶೇಕಡಾ 75, ಚಾಲಕನ ಪಕ್ಕದ ಗಾಜುಗಳಿಗೆ ಶೇಕಡಾ 70 ಎಂಬ ಕನಿಷ್ಠ ಮಿತಿಯಿದೆ. ಹಿಂಬದಿಯ ಗಾಜುಗಳಿಗೆ ಮಿತಿಯಿಲ್ಲ. ಫ್ರಾನ್ಸಿನಲ್ಲಿ 2017ರ ಆರಂಭದಿಂದ ಮುಂಬದಿಯ ಪಕ್ಕದ ಗಾಜುಗಳಿಗೂ ಶೇಕಡಾ 70ರ ಮಿತಿಯನ್ನು ವಿಧಿಸಲಾಗಿದೆ. ಆ ದೇಶಗಳ ನಿಯಮಗಳು ಮುಖ್ಯವಾಗಿ ಚಾಲಕನ ನೋಟವನ್ನು ಕಾಯುತ್ತವೆ. ನಮ್ಮ ನಿಯಮವಾದರೋ ಕಾರಿನ ಎಲ್ಲ ಗಾಜುಗಳಿಗೂ ಅನ್ವಯಿಸುವುದರಿಂದ ಒಳಗಿನವರ ನೋಟವನ್ನೂ ಹೊರಗಿನವರ ನೋಟವನ್ನೂ ಕಾಯುತ್ತದೆ.

ಬಿಸಿಲಿನ ಪ್ರಶ್ನೆ

ಆದರೆ ಪ್ರತಿಪಕ್ಷದವರ ಮಾತನ್ನೂ ಕೇಳದೆ ತೀರ್ಮಾನಕ್ಕೆ ಬರುವುದು ನ್ಯಾಯವಲ್ಲ. ನಮ್ಮದು ಉಷ್ಣದೇಶ. ವೈಶಾಖದ ಬಿಸಿಲಿನಲ್ಲಿ ನಿಂತ ಕಾರಿನ ಬಾಗಿಲು ತೆರೆದರೆ ಒಲೆಯ ಬಾಯಿ ತೆರೆದಂತಾಗುತ್ತದೆ. ಕೂಸನ್ನು ಎತ್ತಿಕೊಂಡ ತಾಯಿಯೋ ವೃದ್ಧರೋ ಅದರಲ್ಲಿ ಕುಳಿತುಕೊಳ್ಳಬೇಕಾದಾಗ ನೆರಳು ಬೇಕೆನ್ನಿಸುವುದು ತಪ್ಪಲ್ಲ. ಆದರೆ ಇಲ್ಲಿಯೂ ವಿಜ್ಞಾನದ ನೆರವು ಪಡೆಯಬೇಕು. ನೆಲವನ್ನು ತಲಪುವ ಸೂರ್ಯನ ಶಕ್ತಿಯಲ್ಲಿ ಅರ್ಧಕ್ಕಿಂತ ತುಸು ಕಡಮೆ ಭಾಗ ಮಾತ್ರ ಕಣ್ಣಿಗೆ ಕಾಣುವ ಬೆಳಕು. ಸುಮಾರು ಅರ್ಧ ಭಾಗವು ಕಣ್ಣಿಗೆ ಕಾಣದ ಅತಿರಕ್ತ ಕಿರಣಗಳು. ಗಾಜು ಕಪ್ಪಾಗಿದ್ದ ಮಾತ್ರಕ್ಕೆ ಈ ಕಾಣದ ಕಿರಣಗಳನ್ನು ಚೆನ್ನಾಗಿ ತಡೆಯುತ್ತದೆಂದು ಹೇಳಲಾಗದು. ಕಬ್ಬಿಣದ ಅಂಶವಿರುವ ತಿಳಿಹಸುರು ಗಾಜು ಬೆಳಕನ್ನು ಬಹುಮಟ್ಟಿಗೆ ಒಳಬಿಟ್ಟು ಅತಿರಕ್ತ ಕಿರಣಗಳಲ್ಲಿ ಗಣನೀಯ ಭಾಗವನ್ನು ಹೀರಿಕೊಳ್ಳುತ್ತದೆ. ಚರ್ಮಕ್ಕೆ ಹಾನಿಕರವಾದ ನೇರಳಾತೀತ ಕಿರಣಗಳನ್ನು ಮುಂದಿನ ಗಾಜಿನ ನಡುವಣ ಪದರವು ಕಪ್ಪಾಗಿರದೆಯೇ ಬಹುಪಾಲು ತಡೆದುಬಿಡುತ್ತದೆ. ಕಾರು ನಿಂತಿರುವಾಗ ಒಳಗಿನಿಂದ ಬೆಳ್ಳಿಬಣ್ಣದ ಹಲಗೆಯನ್ನು ಮುಂದಿನ ಗಾಜಿಗೆ ಒರಗಿಸಿಡಬಹುದು. ಮರದ ನೆರಳಿನಲ್ಲಿ ನಿಲ್ಲಿಸಬಹುದು. ಹೊರಡುವ ಮುನ್ನ ಕಿಟಕಿಗಳನ್ನಿಳಿಸಿ ಬಿಸಿಗಾಳಿಯನ್ನು ಹೊರಗೆ ಬಿಡಬಹುದು. ಬಿಸಿಲಿಗೆ ಮದ್ದುಗಳು ಹಲವಿವೆ. ನೋಟ ತಪ್ಪಿದ ಮೇಲೆ ಆಗುವ ಅನಾಹುತಕ್ಕೆ ಮದ್ದಿಲ್ಲ.

ಏಕಾಂತದ ಪ್ರಶ್ನೆಯೂ ಇದೆ. ಮನೆಯ ಕಿಟಕಿಗೆ ಪರದೆ ಹಾಕುವ ಹಕ್ಕು ಎಲ್ಲರಿಗೂ ಉಂಟು. ಏಕೆಂದರೆ ಮನೆಯು ಬೀದಿಯಲ್ಲಿ ಓಡುವುದಿಲ್ಲ. ಒಂದು ಟನ್ನಿಗೂ ಮಿಗಿಲಾದ ಭಾರವನ್ನು ಜನರ ನಡುವೆ ಓಡಿಸುವವನು ಆ ಜನರಿಗೆ ತನ್ನ ಮುಖವನ್ನಾದರೂ ತೋರಿಸಬೇಕು. ಆಪತ್ತಿನಲ್ಲಿ ಸಿಲುಕಿದ ಪ್ರಯಾಣಿಕಳಿಗೂ ಪಾರದರ್ಶಕ ಗಾಜೇ ರಕ್ಷೆ. ಅವಳ ಕೈಸನ್ನೆ ಹೊರಗಿನವರಿಗೆ ಕಾಣಬೇಕಲ್ಲವೆ?

ಉಪಸಂಹಾರ

ನಿಮ್ಮಲ್ಲಿ ಕೆಲವರ ತಂದೆಯರೂ ಅಣ್ಣಂದಿರೂ ಟ್ಯಾಕ್ಸಿಯನ್ನೋ ಇತರರ ಕಾರನ್ನೋ ಓಡಿಸಿ ಸಂಸಾರವನ್ನು ಸಾಗಿಸುತ್ತಿರಬಹುದು. ನೀವೂ ಮುಂದೆ ಚಾಲಕರಾಗಬಹುದು, ಕಾರಿನ ಒಡೆಯರಾಗಬಹುದು, ಪೊಲೀಸ್ ಅಧಿಕಾರಿಗಳೋ ನ್ಯಾಯಾಧೀಶರೋ ಆಗಬಹುದು. ಆದರೆ ಇಂದು ನೀವೆಲ್ಲರೂ ಪಾದಚಾರಿಗಳು. ಈ ಕಾನೂನು ಮೊದಲು ಕಾಯುವುದು ನಿಮ್ಮಂತಹವರನ್ನು. ಚಾಲಕನ ಮುಖ ಕಾಣದ ಕಾರು ಎದುರಿಗೆ ಬಂದರೆ, ಅವನು ನಿಮ್ಮನ್ನು ಕಂಡಿದ್ದಾನೆಂದು ಊಹಿಸದೆ, ಕಾರು ಪೂರ್ತಿಯಾಗಿ ನಿಲ್ಲುವವರೆಗೆ ಅಥವಾ ಹಾದುಹೋಗುವವರೆಗೆ ಕಾದು ದಾಟಿರಿ. ಮುಂದೆ ನೀವೇ ಕಾರಿನೊಳಗೆ ಕುಳಿತಾಗ ಇಂದಿನ ಈ ಕಾಯುವಿಕೆಯನ್ನು ನೆನೆದು, ನಿಮ್ಮ ಗಾಜನ್ನು ಶುಭ್ರವಾಗಿರಿಸಿಕೊಳ್ಳಿರಿ. ಅಂಚಿನಲ್ಲಿ ನಿಂತ ಬೇರೊಂದು ಮಗು ನಿಮ್ಮ ಮುಖವನ್ನು ಹುಡುಕುತ್ತಿರುತ್ತದೆ.

ಅಭ್ಯಾಸಕ್ಕಾಗಿ

1. ಪಕ್ಕದ ಕಿಟಕಿಯ ಗಾಜು ಶೇಕಡಾ 80ರಷ್ಟು ಬೆಳಕನ್ನು ಬಿಡುತ್ತದೆ. ಅದರ ಮೇಲಿನ ಪದರವು ಶೇಕಡಾ 60ರಷ್ಟನ್ನು ಬಿಡುತ್ತದೆ. ಎರಡೂ ಸೇರಿ ನಿಯಮದ ಮಿತಿಯಲ್ಲಿವೆಯೆ?

2. ಗಾಜಿನ ಪಾರಗಮನ ಶೇಕಡಾ 75 ಇದ್ದರೆ, ಒಟ್ಟು ಶೇಕಡಾ 50 ಉಳಿಯಬೇಕಾದರೆ ಪದರದ ಪಾರಗಮನ ಕನಿಷ್ಠ ಎಷ್ಟಿರಬೇಕು?

3. ಶೇಕಡಾ 50ರ ಎರಡು ಪಕ್ಕದ ಗಾಜುಗಳ ಮೂಲಕ ಕಾರಿನ ಆಚೆ ಬದಿಯನ್ನು ನೋಡುವವನಿಗೆ ಎಷ್ಟು ಬೆಳಕು ತಲಪುತ್ತದೆ?

(ಉತ್ತರಗಳು: 1. ಇಲ್ಲ, ಶೇಕಡಾ 48. 2. ಸುಮಾರು ಶೇಕಡಾ 67. 3. ಶೇಕಡಾ 25.)